ಪೆನ್‌ಡ್ರೈವ್ ದಾರಿಗೆ ಅಡ್ಡಗಟ್ಟೆ – ನನ್ನ ಅನುಭವ

ದುಡ್ಡು ಕೊಟ್ಟು ಆಂಟಿವೈರಸ್ ಹಾಕಿಸದಿದ್ದರೆ ಆರು ತಿಂಗಳಲ್ಲಿ ಮತ್ತೆ ಫಾರ್ಮ್ಯಾಟ್‌ಗೆ (ಎಲ್ಲ ಅಳಿಸಿ ವಿಂಡೋಸ್ ಹೊಸದಾಗಿ ಹಾಕಿಸಲು) ಬರ್ತೀರಿ ಅಂದಿದ್ದರು ಕಂಪ್ಯೂಟರ್ ರಿಪೇರಿಯವರು. ಮೂರು ಮಳೆಗಾಲ ಕಳೆಯಿತು, ಆ ಕಡೆ ತಲೆ ಹಾಕಿಲ್ಲ.

ತೀರ್ಥಹಳ್ಳಿ, ಹೊಸನಗರದ ಕಡೆ ಮನೆ ಕಂಪ್ಯೂಟರ್‌ಗೆ ರೋಗ ತರುವುದು ಹೆಚ್ಚಾಗಿ ನೆಟ್ ಅಲ್ಲ, ಪೆನ್‌ಡ್ರೈವ್. ಪಹಣಿ, ಅರ್ಜಿ, ಮಕ್ಕಳ ಪ್ರಾಜೆಕ್ಟ್ ಪ್ರಿಂಟ್ ಹಾಕಿಸಲು ಪೇಟೆಗೆ ಹೋಗುತ್ತದೆ, ಬರುವಾಗ ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆಗಿರುತ್ತವೆ. ಮೊದಲೆರಡು ವರ್ಷ ಆರೇಳು ನೂರರ ಆಂಟಿವೈರಸ್ ಲೈಸೆನ್ಸ್ ಕೊಂಡಿದ್ದೂ ಆಯಿತು. ಜುಲೈ, ಆಗಸ್ಟಿನಲ್ಲಿ ಲೈನ್ ಬಿದ್ದು ನೆಟ್ ಇರುವುದಿಲ್ಲ, ಹಾಗಾಗಿ ಅದರ ಹತ್ತಿರ ಇದ್ದದ್ದು ಜೂನ್ ತಿಂಗಳ ವೈರಸ್ ಪಟ್ಟಿ ಮಾತ್ರ. ಫಾರ್ಮ್ಯಾಟ್‌ಗೆ ಸಲಕ್ಕೆ ಐನೂರು, ನಾಲ್ಕು ಸಲ. ಒಮ್ಮೆ ಹೋದ ಫೋಟೊ ವಾಪಸ್ ತೆಗೆಯಲು ಹದಿನೈದು ಸಾವಿರದ ಮೇಲೆ ಕೇಳಿದರು, ಅದನ್ನು ಅಲ್ಲಿಗೇ ಬಿಟ್ಟೆ.

ಹೀಗೆ ಫೋಲ್ಡರ್ ಅಡಗಿಸಿ ಶಾರ್ಟ್‌ಕಟ್ ಇಡುವ ವೈರಸ್ ತೆಗೆಯುವಾಗ ಎಲ್ಲರೂ ಎಡವುವುದು ಕ್ರಮದಲ್ಲಿ. ನೇರ ಕಮಾಂಡ್ ಪ್ರಾಂಪ್ಟ್‌ಗೆ ಹೋಗಿ ಆಟ್ರಿಬ್ (ಫೈಲ್‌, ಫೋಲ್ಡರ್‌ನ ಅಡಗಿರುವ ಗುಣ ಬದಲಿಸುವ ಆಜ್ಞೆ) ಹೊಡೆದರೆ ಫೋಲ್ಡರ್‌ಗಳು ಕಾಣಿಸುತ್ತವೆ, ಅರೆಗಳಿಗೆಯಲ್ಲಿ ಮತ್ತೆ ಮಾಯ. ಹಿಂದೆ ವೈರಸ್‌ನ ಸ್ಕ್ರಿಪ್ಟ್ ಓಡುತ್ತಲೇ ಇರುತ್ತದೆ. ಮೊದಲು ಟಾಸ್ಕ್ ಮ್ಯಾನೇಜರ್‌ನಲ್ಲಿ ಡಬ್ಲ್ಯುಸ್ಕ್ರಿಪ್ಟ್ (ಸ್ಕ್ರಿಪ್ಟ್ ಓಡಿಸುವ ವಿಂಡೋಸ್‌ನದೇ ಪ್ರೋಗ್ರಾಮ್) ಕೊಲ್ಲಿ, ಅಂದರೆ ನಿಲ್ಲಿಸಿ. ಆಮೇಲೆ ಸ್ಟಾರ್ಟಪ್ ಫೋಲ್ಡರ್, ರಿಜಿಸ್ಟ್ರಿಯ (ವಿಂಡೋಸ್ ಸೆಟ್ಟಿಂಗ್‌ಗಳ ಕಣಜ) ರನ್ ಕೀ, ಟಾಸ್ಕ್ ಶೆಡ್ಯೂಲರ್, ತಾನಾಗಿ ಓಡುವ ಪ್ರೋಗ್ರಾಮ್ ಅಡಗುವ ಈ ಮೂರನ್ನೂ ನೋಡಿ ಬೇರು ಕೀಳಿ. ಆಟ್ರಿಬ್ ಕೊನೆಗೆ: ಮೈನಸ್ ಎಸ್, ಮೈನಸ್ ಎಚ್, ಮೈನಸ್ ಆರ್, ಜೊತೆಗೆ ಸ್ಲ್ಯಾಶ್ ಎಸ್, ಸ್ಲ್ಯಾಶ್ ಡಿ. ಈ ಕೊನೆಯ ಡಿ ಮರೆತರೆ ಫೋಲ್ಡರ್‌ಗಳು ಮುಚ್ಚಿದಂತೆಯೇ ಉಳಿಯುತ್ತವೆ.

ಮತ್ತೆ ಬರದಂತೆ ಮಾಡಲು ಮೊದಲು ನಂಬಿದ್ದು ಗ್ರೂಪ್ ಪಾಲಿಸಿ ಎಂಬ ವಿಂಡೋಸ್ ನಿಯಮಪಟ್ಟಿಯಲ್ಲಿರುವ ‘ರಿಮೂವಬಲ್ ಡಿಸ್ಕ್ಸ್: ಡಿನೈ ಎಕ್ಸಿಕ್ಯೂಟ್ ಆಕ್ಸೆಸ್’. ಪೆನ್‌ಡ್ರೈವ್‌ನಲ್ಲಿರುವ ಯಾವ ಇಎಕ್ಸ್‌ಇ (ಪ್ರೋಗ್ರಾಮ್ ಫೈಲ್) ಕೂಡ ಓಡಬಾರದು ಎಂಬ ಲೆಕ್ಕ. ಆದರೂ ವೈರಸ್ ಬಂತು. ಕಾರಣ ಹೊಳೆಯಲು ಒಂದು ವಾರ ಹಿಡಿಯಿತು: ಶಾರ್ಟ್‌ಕಟ್ ಕರೆಯುವುದು ಸಿ ಡ್ರೈವ್‌ನಲ್ಲೇ ಇರುವ ಡಬ್ಲ್ಯುಸ್ಕ್ರಿಪ್ಟನ್ನು. ಪೆನ್‌ಡ್ರೈವ್‌ನ ವಿಬಿಎಸ್ (ಸ್ಕ್ರಿಪ್ಟ್) ಫೈಲನ್ನು ಅದು ಬರೀ ಓದುತ್ತದೆ, ಓದುವುದಕ್ಕೆ ತಡೆ ಇಲ್ಲವಲ್ಲ! ಹಾಗಾಗಿ ರಿಜಿಸ್ಟ್ರಿಯಲ್ಲಿ ಲೋಕಲ್ ಮೆಷಿನ್ ಕೆಳಗೆ ವಿಂಡೋಸ್ ಸ್ಕ್ರಿಪ್ಟ್ ಹೋಸ್ಟ್, ಸೆಟ್ಟಿಂಗ್ಸ್, ಅದರಲ್ಲಿ ‘ಎನೇಬಲ್ಡ್’ ಎಂಬ ಡಿವರ್ಡ್ (ಸಂಖ್ಯೆಯ ನಮೂದು) ಮಾಡಿ 0 ಕೊಟ್ಟೆ. ಎರಡೂ ಸೇರಿದ ಮೇಲೆ ಈ ವೈರಸ್‌ಗೆ ಬಾಗಿಲು ಮುಚ್ಚಿತು. ಇದಕ್ಕೂ ಬೆಲೆ ಉಂಟು: ವಿಂಡೋಸ್ ಆಕ್ಟಿವೇಶನ್ ನೋಡುವ ಎಸ್‌ಎಲ್‌ಎಂಜಿಆರ್ ಕೂಡ ವಿಬಿಎಸ್ಸೇ, ಅದೂ ನಿಲ್ಲುತ್ತದೆ. ಬೇಕಾದಾಗ 1 ಮಾಡಿ, ಕೆಲಸ ಮುಗಿದ ಕೂಡಲೇ 0. ಪವರ್‌ಶೆಲ್‌ನಲ್ಲಿ ಒಂದೇ ಸಾಲಿನ ಇನ್ನೊಂದು ಬೀಗವೂ ಇದೆ, ವಿಂಡೋಸ್‌ನದೇ ಆಂಟಿವೈರಸ್ ಡಿಫೆಂಡರ್‌ಗೆ ಸಂಬಂಧಪಟ್ಟದ್ದು. ಅದನ್ನು ಹುಡುಕುವ ಕಷ್ಟ ನೀವೂ ಸ್ವಲ್ಪ ಪಡಿ.

ಪೇಟೆಗೆ ಒಯ್ಯಲು ಈಗ ಪೆನ್‌ಡ್ರೈವೇ ಇಲ್ಲ. 16 ಜಿಬಿಯ ದೊಡ್ಡ ಎಸ್‌ಡಿ ಕಾರ್ಡ್, ಪಕ್ಕದಲ್ಲಿ ಲಾಕ್ ಜಾರುಗುಂಡಿ ಇರುವಂಥದ್ದು, ಜೊತೆಗೊಂದು ಕಾರ್ಡ್ ರೀಡರ್. ಕೊಂಡಾಗ ಎರಡೂ ಸೇರಿ ಆರುನೂರರ ಆಸುಪಾಸು ಇತ್ತು. ಲಾಕ್ ಕೆಳಗೆಳೆದು ಕೊಟ್ಟರೆ ಅಂಗಡಿಯ ಕಂಪ್ಯೂಟರ್ ಓದಬಹುದು, ಬರೆಯಲಾಗದು. ಆದರೆ ಆ ಲಾಕ್‌ಗೆ ಮರ್ಯಾದೆ ಕೊಡಬೇಕಾದದ್ದು ಕಾರ್ಡ್ ಅಲ್ಲ, ರೀಡರ್. ನೂರು ರೂಪಾಯಿಯ ರೀಡರ್ ಲಾಕನ್ನು ಕಣ್ಣೆತ್ತಿಯೂ ನೋಡಲಿಲ್ಲ. ಅದಕ್ಕೇ ಒಯ್ಯುವುದು ನಮ್ಮದೇ ರೀಡರ್. ಕೊಳ್ಳುವ ಮೊದಲು ಲಾಕ್ ಹಾಕಿ ಒಂದು ಫೈಲ್ ಕಾಪಿ ಮಾಡಿ ನೋಡಿ. ‘ರೈಟ್ ಪ್ರೊಟೆಕ್ಟೆಡ್’ ಅಂದರೆ ಮಾತ್ರ ದುಡ್ಡು ಕೊಡಿ.

ನಡುವೆ ಒಂದು ಹುಚ್ಚು ಪ್ರಯೋಗವೂ ಆಯಿತು. ಪೆನ್‌ಡ್ರೈವ್ ತುಂಬ ಡಮ್ಮಿ ಫೈಲ್ ತುರುಕಿ ಸೊನ್ನೆ ಬೈಟ್ ಉಳಿಸಿದರೆ ವೈರಸ್‌ಗೆ ಕೂರಲು ಜಾಗ ಎಲ್ಲಿ ಎಂಬ ಯೋಚನೆ. ಎಫ್‌ಎಸ್‌ಯುಟಿಲ್ ಎಂಬ ವಿಂಡೋಸ್ ಆಜ್ಞೆಯಿಂದ ಫೈಲ್ ಮಾಡಿದೆ, ಪೆನ್‌ಡ್ರೈವ್‌ನ ಫ್ಯಾಟ್32 ಜೋಡಣೆಯಲ್ಲಿ ಒಂದು ಫೈಲ್ 4 ಜಿಬಿ ಮೀರದು, ಹಾಗಾಗಿ ನಾಲ್ಕೈದು ಬೇಕಾದವು. ವೈರಸ್‌ಗೆ ಜಾಗ ಸಿಗಲಿಲ್ಲ, ನಿಜ. ಆದರೆ ಫೋಲ್ಡರ್ ಅಡಗಿಸಲು ಜಾಗವೇ ಬೇಡ, ಬರೀ ಗುಣ ಬದಲಿಸಿದರೆ ಸಾಕು. ಫೋಲ್ಡರ್‌ಗಳೂ ಕಾಣಲಿಲ್ಲ, ನೆಟ್ಟಗಿನ ಶಾರ್ಟ್‌ಕಟ್‌ಗಳೂ ಇಲ್ಲ. ಮೊದಲಿಗಿಂತ ಕೆಟ್ಟ ಗತಿ.

ಆಂಟಿವೈರಸ್ ಅಂತ ಇರುವುದು ವಿಂಡೋಸ್ ಜೊತೆ ಬರುವ ಡಿಫೆಂಡರ್ ಮಾತ್ರ. ಹಾಟ್‌ಸ್ಪಾಟ್ ‘ಮೀಟರ್ಡ್’ (ಡೇಟಾ ಉಳಿಸಬೇಕೆಂದು ಗುರುತಿಸಿದ್ದು) ಆಗಿದ್ದರೆ ಅಪ್‌ಡೇಟ್ ನಿಂತುಹೋಗುವುದುಂಟು, ನೋಡಿಕೊಳ್ಳಿ. ನೆಟ್ ಪೂರ್ತಿ ಸತ್ತಾಗ ಶಿವಮೊಗ್ಗಕ್ಕೆ ಹೋದವರ ಲ್ಯಾಪ್‌ಟಾಪ್‌ನಲ್ಲಿ ಮೈಕ್ರೋಸಾಫ್ಟ್‌ನ ‘ಎಂಪ್ಯಾಮ್-ಎಫ್‌ಇ’ ಎಂಬ ಡಿಫೆಂಡರ್ ಅಪ್‌ಡೇಟ್ ಫೈಲ್ ಇಳಿಸಿ ತರಿಸುತ್ತೇನೆ. ನೂರೈವತ್ತು, ಇನ್ನೂರು ಎಂಬಿ. ಹೊರಗಿನ ಡ್ರೈವ್‌ನಿಂದ ಇಎಕ್ಸ್‌ಇ ಓಡದಂತೆ ಬೀಗ ಹಾಕಿರುವುದರಿಂದ ಮೊದಲು ಅದನ್ನು ಡೆಸ್ಕ್‌ಟಾಪ್‌ಗೆ ಕಾಪಿ ಮಾಡಿ ಅಲ್ಲಿಂದಲೇ ಓಡಿಸಬೇಕು. ಇನ್ನೂ ಒಂದು: ನೆಟ್ ಇದ್ದೂ ಅಪ್‌ಡೇಟ್ ಆಗದಿದ್ದರೆ ವೈರಸ್ ಅಂತ ಹೌಹಾರುವ ಮೊದಲು ಗಡಿಯಾರ ನೋಡಿ. ಕರೆಂಟ್ ಹೋಗಿ ಬಂದು ಹೋಗಿ ಬಂದು, ಮದರ್‌ಬೋರ್ಡ್‌ನಲ್ಲಿ ಗಡಿಯಾರ ಓಡಿಸುವ ಸಿಆರ್2032 ಸೆಲ್ ಸತ್ತಿದ್ದರೆ ತಾರೀಕು ಹತ್ತಾರು ವರ್ಷ ಹಿಂದಕ್ಕೆ ಓಡಿರುತ್ತದೆ, ಸುರಕ್ಷಿತ ಸೈಟ್ ಒಂದೂ ತೆರೆಯುವುದಿಲ್ಲ. ಮೂವತ್ತು, ನಲವತ್ತು ರೂಪಾಯಿ ಸೆಲ್‌ನ ಕೆಲಸ.

ಅಡ್ಮಿನ್ ಖಾತೆ ಬೇರೆ, ದಿನಬಳಕೆಗೆ ಸ್ಟ್ಯಾಂಡರ್ಡ್ ಖಾತೆ ಬೇರೆ. ಫೈಲ್ ಎಕ್ಸ್‌ಟೆನ್ಶನ್ (ಹೆಸರಿನ ಕೊನೆಯ ಬಾಲ) ಕಾಣುವಂತೆ ಇಡಿ. ಇವು ನಿಮಗೆ ಗೊತ್ತಿರುವುದೇ. ಕ್ರ್ಯಾಕ್ (ಕದ್ದ ಸಾಫ್ಟ್‌ವೇರ್) ಹಾಕುವಾಗ ‘ಡಿಫೆಂಡರ್ ಆಫ್ ಮಾಡಿ’ ಎಂದರೆ ಅಲ್ಲಿಗೆ ನಿಲ್ಲಿಸಿ.

ಬ್ಯಾಕಪ್‌ಗೆ 1 ಟಿಬಿ ಎಕ್ಸ್‌ಟರ್ನಲ್ ಡಿಸ್ಕ್, ಆಗ ನಾಲ್ಕೂವರೆ ಸಾವಿರ ಇದ್ದಿರಬೇಕು. ಹದಿನೈದು ದಿನಕ್ಕೊಮ್ಮೆ ರೋಬೋಕಾಪಿ (ವಿಂಡೋಸ್‌ನ ಕಾಪಿ ಆಜ್ಞೆ), ಮುಗಿದ ತಕ್ಷಣ ಕೇಬಲ್ ಕಿತ್ತು ಡಬ್ಬಿಗೆ. ಸಿಕ್ಕಿಸಿಯೇ ಬಿಟ್ಟರೆ ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ರ‍್ಯಾನ್‌ಸಮ್‌ವೇರ್ ಅದನ್ನೂ ನುಂಗುತ್ತದೆ, ಸಿಡಿಲೂ ನುಂಗುತ್ತದೆ. ರೋಬೋಕಾಪಿಯಲ್ಲಿ ‘ಮಿರ್’ ಹಾಕಬೇಡಿ, ಇಲ್ಲಿ ಅಳಿದದ್ದು ಅಲ್ಲೂ ಅಳಿಯುತ್ತದೆ. ಡಬ್ಬಿಯಲ್ಲಿ ಸಿಲಿಕಾ ಜೆಲ್ ಇರಲಿ, ಆಷಾಢದ ತೇವಕ್ಕೆ ಕನೆಕ್ಟರ್ ಹಸಿರುಗಟ್ಟುತ್ತದೆ.

ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಮಾಮೂಲಿ ಬೆಂಬಲ ನಿಂತಿತು, ನಮ್ಮ ಹಳೆಯ ಐ3 ಯಂತ್ರಕ್ಕೆ ವಿಂಡೋಸ್ 11 ಹತ್ತುವುದಿಲ್ಲ. ಅದಕ್ಕೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಹಾಕಿದ್ದೇನೆ, ಊರವರ ಪೆನ್‌ಡ್ರೈವ್ ತೊಳೆಯುವ ಬಚ್ಚಲು ಈಗ ಅದೇ. ಕನ್ನಡಕ್ಕೆ ಅದರಲ್ಲೇ ಕಗಪ ಕೀಲಿಮಣೆ ಇದೆ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೆಯ ಫೈಲ್‌ಗಳು ಮಾತ್ರ ಆ ಫಾಂಟ್ ಹಾಕುವವರೆಗೂ ಗಿಜಿಬಿಜಿ ಅಕ್ಷರ.