ವಿಚಿತ್ರ ಆದೇಶ ಬಂದರೆ ಪ್ರಶ್ನಿಸಬೇಡಿ, ಓದಿ ಹೇಳಿ

ವಾರ್ಡಿನಲ್ಲಿರುವ ಸಿಸ್ಟರ್, ಬ್ರದರ್‌ಗಳಿಗೆ ಒಂದು ಉಪಾಯ: ಕೇಸ್ ಶೀಟಿನಲ್ಲಿ ತಲೆಬುಡವಿಲ್ಲದ ಆದೇಶ ಕಂಡರೆ ‘ಇದು ಸರಿಯೇ ಡಾಕ್ಟರ್?’ ಎಂದು ಕೇಳಬೇಡಿ. ಮೊದಲು ರೋಗಿಯ ಸ್ಥಿತಿ ಹೇಳಿ, ಅದರ ಬೆನ್ನಿಗೇ ಅವರ ಆದೇಶವನ್ನು ಇದ್ದಂತೆಯೇ ಓದಿ, ಸುಮ್ಮನಾಗಿ. ‘ಡಾಕ್ಟರ್, ಐದನೇ ಬೆಡ್, ಎರಡೂ ಕಾಲು ಮಂಡಿಯ ಮೇಲಿಂದ ತೆಗೆದಿದೆ; ದಿನಕ್ಕೆ ಮೂರು ಬಾರಿ ನಡೆಸಿ ಎಂದು ಬರೆದಿದ್ದೀರಿ.’ ‘ಏಳನೇ ಬೆಡ್, ಬಾಯಿಗೆ ಏನೂ ಕೊಡುವಂತಿಲ್ಲ; ಊಟವಾದ ಮೇಲೆ ಮಾತ್ರೆ ಎಂದಿದೆ.’ ನಗು ಬಂದರೆ ತಡೆದುಕೊಳ್ಳಿ, ಅದೇ ಕಷ್ಟದ ಭಾಗ. ಇಂಥ ಆದೇಶಗಳಲ್ಲಿ ಹಲವು ನಿನ್ನೆಯ ಹಾಳೆಯಿಂದಲೋ ಪಕ್ಕದ ಬೆಡ್ಡಿನಿಂದಲೋ ನಕಲಾದವು. ಬರೆಯುವ ಕೈಗೆ ತಿಳಿಯದ ತಪ್ಪು ಕಿವಿಗೆ ಬಿದ್ದಾಗ ತಿಳಿಯುತ್ತದೆ. ನೀವು ತಪ್ಪೆಂದು ಹೇಳಿಯೇ ಇಲ್ಲವಾದ್ದರಿಂದ ಸಿಡುಕಲು ಕಾರಣವೂ ಸಿಗುವುದಿಲ್ಲ. ಆದರೆ ಅಕ್ಷರವೇ ಅರ್ಥವಾಗದಿದ್ದರೆ ಇದು ನಡೆಯದು, ಊಹಿಸಿ ಓದುವುದು ಇನ್ನೂ ಅಪಾಯ: ಇನ್ಸುಲಿನ್ 10ರ ಪಕ್ಕಕ್ಕೆ ಅಂಟಿಸಿ ಬರೆದ ‘ಯು’ ಇಂಗ್ಲಿಷ್ ಅಕ್ಷರ ಸೊನ್ನೆಯಂತೆ ಕಂಡು 100 ಆಗಿಬಿಡುತ್ತದೆ. ಅಲ್ಲಿ ‘ಯೂನಿಟ್’ ಎಂದು ಪೂರ್ತಿ ಬರೆಸಿಕೊಳ್ಳಿ. ನಡುರಾತ್ರಿಯ ಫೋನಿನಲ್ಲಿ ಬರುವ ‘ಹೂಂ, ಹೂಂ’ ಕೂಡ ಉತ್ತರವಲ್ಲ. ಔಷಧಿಯ ಹೆಸರು, ಪ್ರಮಾಣವನ್ನು ಅವರ ಬಾಯಿಂದಲೇ ಹೇಳಿಸಿ. ಓದಿ ಹೇಳಿದ ಮೇಲೂ ‘ಬರೆದಷ್ಟು ಮಾಡಿ’ ಎಂದರೆ, ಅಪಾಯವೆನಿಸಿದ ಡೋಸ್ ತಡೆಹಿಡಿದು ಇನ್‌ಚಾರ್ಜ್ ಸಿಸ್ಟರ್‌ಗೆ ಕೂಡಲೇ ತಿಳಿಸಿ, ನರ್ಸಿಂಗ್ ನೋಟ್ಸ್‌ನಲ್ಲಿ ಸಮಯ ಸಮೇತ ದಾಖಲಿಸಿ.