ಹಳೆಯ ಸಂಗೀತ ಸಿ.ಡಿ.ಗಳನ್ನು ನಾನು ಪರೀಕ್ಷಿಸುವ ಕ್ರಮ

ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್ ಮೊದಲಾದವರ ಸಿ.ಡಿ.ಗಳನ್ನು ನಾನು ಈಗ ಹೆಚ್ಚಾಗಿ ಸೆಕೆಂಡ್ ಹ್ಯಾಂಡ್‌ನಲ್ಲೇ ಕೊಳ್ಳುತ್ತೇನೆ. ಸಿ.ಡಿ. ಕಂಪನಿಯೇ ಅಚ್ಚು ಹಾಕಿಸಿದ್ದೇ, ಅದರೊಳಗಿನ ಧ್ವನಿ ಪೂರ್ಣ ಗುಣಮಟ್ಟದ್ದೇ ಎಂಬ ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿಯೇ ಪರಿಶೀಲಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಅಂಗಡಿಯಲ್ಲಿ ಮೊದಲು ಸಿ.ಡಿ.ಯ ಕೆಳಮೈ ನೋಡುತ್ತೇನೆ. ಕಾರ್ಖಾನೆಯಲ್ಲಿ ಅಚ್ಚಾದದ್ದು ಸಾಮಾನ್ಯವಾಗಿ ಬೆಳ್ಳಿಯ ಬಣ್ಣದಲ್ಲಿ ಹೊಳೆಯುತ್ತದೆ. ಕಂಪ್ಯೂಟರಿನಲ್ಲಿ ರೈಟ್ ಮಾಡಿದ್ದರಲ್ಲಿ ಬಣ್ಣದ ಪದರವಿರುವುದರಿಂದ ಹಸಿರು, ನೀಲಿ ಅಥವಾ ತೆಳು ಬಂಗಾರದ ಛಾಯೆ ಕಾಣುತ್ತದೆ. ನಡುವಿನ ರಂಧ್ರದ ಸುತ್ತಲ ಉಂಗುರದಲ್ಲಿ ಅಚ್ಚಿನ ಗುರುತಾದ ಮ್ಯಾಟ್ರಿಕ್ಸ್ ಸಂಖ್ಯೆಯನ್ನೂ, ತಯಾರಾದ ಕಾರ್ಖಾನೆಯನ್ನು ತಿಳಿಸುವ ಐಎಫ್‌ಪಿಐ ಸಂಕೇತವನ್ನೂ ಹುಡುಕುತ್ತೇನೆ. ಈ ಸಂಕೇತ ಬಳಕೆಗೆ ಬಂದದ್ದು 1994ರಲ್ಲಿ. ಅದಕ್ಕೂ ಹಿಂದಿನ ಸಿ.ಡಿ.ಯಲ್ಲಿ ಅದಿಲ್ಲವೆಂದು ನಕಲಿ ಎನ್ನಲಾಗದು. ಬಳಿಕ ಸಿ.ಡಿ.ಯನ್ನು ದೀಪಕ್ಕೆ ಹಿಡಿದು ಸೂಜಿಮೊನೆಯಷ್ಟು ಬೆಳಕು ತೂರಿಬರುತ್ತದೆಯೇ ಎಂದು ನೋಡುತ್ತೇನೆ. ಬಂದರೆ ಒಳಗಿನ ಅಲ್ಯೂಮಿನಿಯಂ ಪದರ ಅಲ್ಲಿ ಹಾಳಾಗಿದೆ ಎಂದರ್ಥ. ಆ ಪದರವು ಹೆಸರು ಮುದ್ರಿಸಿದ ಮೇಲ್ಭಾಗಕ್ಕೆ ತೀರಾ ಹತ್ತಿರವಿರುವುದರಿಂದ, ಕೆಳಗಿನ ಗೀರಿಗಿಂತ ಮೇಲಿನ ಗೀರಿಗೇ ಹೆಚ್ಚು ಹೆದರಬೇಕು.

ಧ್ವನಿಯ ಪರೀಕ್ಷೆ ಮನೆಯಲ್ಲಿ. ಎಂಪಿ3 (ಗಾತ್ರ ಕುಗ್ಗಿಸಲು ಧ್ವನಿಯ ಕೆಲವು ಅಂಶಗಳನ್ನು ಬಿಟ್ಟ) ಕಡತಗಳಿರುವ ಸಿ.ಡಿ. ಕಂಪ್ಯೂಟರಿಗೆ ಹಾಕಿದ ಕೂಡಲೇ ಗೊತ್ತಾಗುತ್ತದೆ. ಎಂಪಿ3ಯನ್ನೇ ಮತ್ತೆ ಆಡಿಯೋ ಸಿ.ಡಿ.ಯಾಗಿ ಮಾರ್ಪಡಿಸಿದ್ದನ್ನು ಹಿಡಿಯುವುದು ಕಷ್ಟ. ಅದಕ್ಕಾಗಿ ಹಾಡನ್ನು ಕುಗ್ಗಿಸದ ವೇವ್ ಕಡತವಾಗಿ ಇಳಿಸಿಕೊಂಡು ಸ್ಪೆಕ್ ಅಥವಾ ಆಡಾಸಿಟಿ ಎಂಬ ತಂತ್ರಾಂಶದಲ್ಲಿ ಅದರ ಸ್ಪೆಕ್ಟ್ರೋಗ್ರಾಮ್, ಅಂದರೆ ಧ್ವನಿಯ ಆವರ್ತನಗಳ ಚಿತ್ರ, ನೋಡುತ್ತೇನೆ. ಸಿ.ಡಿ.ಯ ಧ್ವನಿಯನ್ನು ಸೆಕೆಂಡಿಗೆ 44,100 ಮಾದರಿಗಳಂತೆ ದಾಖಲಿಸುವುದರಿಂದ ಅದರ ಆವರ್ತನ ಸುಮಾರು 22 ಕಿಲೋಹರ್ಟ್ಸ್‌ವರೆಗೆ ಏರಬಲ್ಲದು. 128 ಕೆಬಿಪಿಎಸ್ (ಸೆಕೆಂಡಿಗೆ 128 ಕಿಲೋಬಿಟ್) ಎಂಪಿ3ಯಲ್ಲಿ ಸಾಮಾನ್ಯವಾಗಿ 16 ಕಿಲೋಹರ್ಟ್ಸ್ ಹತ್ತಿರ ಎಲ್ಲವೂ ಸ್ಕೇಲ್ ಇಟ್ಟು ಕತ್ತರಿಸಿದಂತೆ ನಿಂತುಬಿಡುತ್ತದೆ.

ಆದರೆ ನಮ್ಮ ಸಂಗೀತದಲ್ಲಿ ಈ ಲಕ್ಷಣವನ್ನು ವಿವೇಚನೆಯಿಂದ ಓದಬೇಕು. ಗಂಗೂಬಾಯಿಯವರು 1930ರ ದಶಕದಲ್ಲಿ ‘ಗಾಂಧಾರಿ’ ಎಂಬ ಹೆಸರಿನಲ್ಲಿ ಹಾಡಿದ 78 ಆರ್‌ಪಿಎಂ ಗ್ರಾಮಫೋನ್ ತಟ್ಟೆಗಳಂಥ ಮೂಲದಿಂದ ಬಂದ ಅಸಲಿ ಸಿ.ಡಿ.ಯಲ್ಲಿ ಗಾಯನದ ಎತ್ತರದ ಆವರ್ತನಗಳು ಬಹಳ ಬೇಗ ಕ್ಷೀಣಿಸುತ್ತವೆ, ಏಕೆಂದರೆ ಮೂಲದಲ್ಲೇ ಅವು ದಾಖಲಾಗಿಲ್ಲ. ಅಂಥಲ್ಲಿ ನಾನು ಗಮನಿಸುವುದು ಸೂಜಿಯ ಕರಕರ ಸದ್ದನ್ನು. ಗಾಯನ ಕೆಳಗೇ ನಿಂತರೂ ಆ ಸದ್ದು ಮೇಲಕ್ಕೆ ಹರಡಿರಬೇಕು. ಅದೂ 16ರಲ್ಲಿ ನೇರವಾಗಿ ತುಂಡಾಗಿದ್ದರೆ ಎಂಪಿ3ಯ ಸಂಶಯ ಬಲವಾಗುತ್ತದೆ. ಸದ್ದು ಶುದ್ಧೀಕರಿಸುವಾಗ ತಂತ್ರಜ್ಞರೇ ಅದನ್ನು ಸೋಸಿರಬಹುದಾದ್ದರಿಂದ ಅಷ್ಟಕ್ಕೇ ತೀರ್ಪು ಕೊಡುವುದಿಲ್ಲ.

ಕಿವಿಗೆ ಕೇಳುವ ಸುಳಿವೂ ಒಂದಿದೆ. ಒಂದು ಸಿ.ಡಿ.ಯಲ್ಲಿ ವಿಲಂಬಿತ್ (ನಿಧಾನ ಗತಿ) ಮುಗಿದು ದ್ರುತ್ (ವೇಗದ ಗತಿ) ಆರಂಭವಾಗುವ ಕಡೆ ತಂಬೂರಿಯ ನಾದ ಹಠಾತ್ತನೆ ಕಡಿದು, ಎರಡು ಸೆಕೆಂಡು ನಿಶ್ಶಬ್ದವಾಗಿ, ಮತ್ತೆ ನಡುವಿನಿಂದಲೇ ಹೊಮ್ಮಿತು. ಟ್ರ್ಯಾಕುಗಳನ್ನು ಒಂದೊಂದಾಗಿ ರೈಟ್ ಮಾಡಿದಾಗ ಬೀಳುವ ಅಂತರವದು. ಬೈಠಕ್ಕಿನ ಓಘವನ್ನೇ ಕೆಡಿಸಿದ ಆ ಪ್ರತಿಯನ್ನು ನಾನು ಉಳಿಸಿಕೊಳ್ಳಲಿಲ್ಲ.

ಕೊನೆಯದಾಗಿ ಸಿ.ಡಿ. ಓದಿಸುವ ತಂತ್ರಾಂಶವಾದ ಎಕ್ಸಾಕ್ಟ್ ಆಡಿಯೋ ಕಾಪಿಯಲ್ಲಿ ಪ್ರತಿ ಟ್ರ್ಯಾಕನ್ನೂ ಎರಡು ಬಾರಿ ಓದಿಸಿ ಚೆಕ್‌ಸಮ್ (ಓದಿದ ದತ್ತಾಂಶದಿಂದ ಲೆಕ್ಕಹಾಕಿದ ಗುರುತು ಸಂಖ್ಯೆ) ಹೋಲಿಸುತ್ತೇನೆ. ಅಕ್ಯುರೇಟ್‌ರಿಪ್ ದತ್ತಾಂಶದಲ್ಲಿ (ಇತರರು ಓದಿಸಿದ ಸಿ.ಡಿ.ಗಳ ಚೆಕ್‌ಸಮ್‌ಗಳ ಸಂಗ್ರಹ) ಆ ಸಿ.ಡಿ. ಇಲ್ಲದಿದ್ದರೆ ಅದು ಅಪರೂಪದ್ದು ಎಂದಷ್ಟೇ ತಿಳಿಯುತ್ತೇನೆ. ಎರಡು ಓದುಗಳು ಹೊಂದದಿದ್ದರೆ ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿನತ್ತ ನೇರವಾಗಿ ಒರೆಸಿ ಮತ್ತೆ ಓದಿಸುತ್ತೇನೆ. ಆಗಲೂ ಅದೇ ಟ್ರ್ಯಾಕಿನಲ್ಲಿ ವ್ಯತ್ಯಾಸ ಉಳಿದರೆ ಸಿ.ಡಿ.ಯನ್ನು ಮಾರಿದವರಿಗೆ ಹಿಂದಿರುಗಿಸುತ್ತೇನೆ.