ಮೂಗಿನ ಸ್ವಾಬ್‌ನಲ್ಲಿ ಉರಿಯೂತವನ್ನು ಅಳೆಯಹೊರಟಾಗ

ವೈರಸ್ ಪತ್ತೆಗೆಂದು ತೆಗೆದ ಸ್ವಾಬ್‌ನಲ್ಲಿ ವೈರಸ್ಸಿನ ಆರ್‌ಎನ್‌ಎ ಮಾತ್ರವಲ್ಲದೆ ರೋಗಿಯ ಜೀವಕೋಶಗಳ ಆರ್‌ಎನ್‌ಎ ಕೂಡ ಇರುತ್ತದೆ. ಯಾವ ಜೀನ್ ಎಷ್ಟು ಚುರುಕಾಗಿದೆ ಎಂಬುದನ್ನು ಈ ಆರ್‌ಎನ್‌ಎ ಹೇಳುತ್ತದೆ. ಪರೀಕ್ಷೆ ಮುಗಿದ ಮೇಲೆ ಉಳಿಯುತ್ತಿದ್ದ ಇನ್‌ಫ್ಲುಯೆಂಜಾ ಮತ್ತು ಕೋವಿಡ್ ಮಾದರಿಗಳಲ್ಲಿ, ನೈತಿಕ ಸಮಿತಿಯ ಅನುಮತಿ ಪಡೆದು, ಆರ್‌ಟಿ-ಪಿಸಿಆರ್ (ಆರ್‌ಎನ್‌ಎಯನ್ನು ಡಿಎನ್‌ಎಗೆ ನಕಲಿಸಿ, ಸುತ್ತುಸುತ್ತಾಗಿ ಹೆಚ್ಚಿಸಿ ಅಳೆಯುವ ವಿಧಾನ) ಮೂಲಕ ರೋಗಿಯ ರೋಗನಿರೋಧಕ ಪ್ರತಿಕ್ರಿಯೆಯನ್ನು ಅಳೆಯಲು ನಾನು ತೊಡಗಿದ್ದು ಈ ಕಾರಣಕ್ಕೆ. ಕೆಲಸ ಸುಲಭವೆಂದುಕೊಂಡಿದ್ದೆ.

ಜೀನ್‌ಗಳನ್ನು ಮೊದಲಿನಿಂದಲೂ ಎರಡು ಗುಂಪುಗಳಾಗಿ ಇಟ್ಟುಕೊಂಡೆ. ವೈರಸ್ ಹೊಕ್ಕಾಗ ಕೋಶಗಳು ಹೊರಬಿಡುವ ಎಚ್ಚರಿಕೆಯ ಪ್ರೋಟೀನಾದ ಇಂಟರ್‌ಫೆರಾನ್‌ಗೆ ಸ್ಪಂದಿಸುವ ಐಎಫ್‌ಐಟಿ1, ಆರ್‌ಎಸ್‌ಎಡಿ2 ಮತ್ತು ಐಎಫ್‌ಐ27 ಒಂದು ಕಡೆ. ಉರಿಯೂತವನ್ನು ಹಬ್ಬಿಸುವ ಐಎಲ್-6, ಸಿಎಕ್ಸ್‌ಸಿಎಲ್8 ಮತ್ತು ಟಿಎನ್‌ಎಫ್ ಇನ್ನೊಂದು ಕಡೆ. 1957ರಲ್ಲಿ ಐಸಾಕ್ಸ್ ಮತ್ತು ಲಿಂಡೆನ್‌ಮನ್ ಇಂಟರ್‌ಫೆರಾನನ್ನು ಗುರುತಿಸಿದ್ದು ಇನ್‌ಫ್ಲುಯೆಂಜಾ ವೈರಸ್ಸಿನ ಪ್ರಯೋಗದಲ್ಲೇ. ಆದರೆ ಇಂಟರ್‌ಫೆರಾನ್ ಏರಿದ ಮಾತ್ರಕ್ಕೆ ಉಳಿದ ಉರಿಯೂತವೂ ಅದೇ ಪ್ರಮಾಣದಲ್ಲಿ ಏರಬೇಕೆಂದಿಲ್ಲ. 2020ರಲ್ಲಿ ತೀವ್ರ ಕೋವಿಡ್‌ನ ಕೆಲವು ಅಧ್ಯಯನಗಳು ಇಂಟರ್‌ಫೆರಾನ್ ಪ್ರತಿಕ್ರಿಯೆ ಕುಗ್ಗಿದ್ದಾಗಲೂ ಐಎಲ್-6 ಹೆಚ್ಚಿರುವುದನ್ನು ತೋರಿಸಿದ್ದವು. ಎರಡನ್ನೂ ಕೂಡಿಸಿ ‘ಉರಿಯೂತದ ಅಂಕ’ ಎಂದು ಒಂದೇ ಸಂಖ್ಯೆ ಕೊಟ್ಟರೆ ಈ ವ್ಯತ್ಯಾಸವೇ ಅಳಿಸಿಹೋಗುತ್ತದೆ. ಸಿಎಕ್ಸ್‌ಸಿಎಲ್10 ಎರಡೂ ಕಡೆಗೆ ಸೇರುವಂಥದ್ದಾದ್ದರಿಂದ ಅದನ್ನು ಪ್ರತ್ಯೇಕವಾಗಿಯೇ ಬರೆದುಕೊಂಡೆ.

ಮೊದಲ ಪಾಠ ಕಲಿಸಿದ್ದು ಐಎಫ್‌ಐಟಿ1. ಪ್ರೈಮರ್‌ಗಳನ್ನು (ನಕಲು ಶುರುಮಾಡುವ ಡಿಎನ್‌ಎ ತುಣುಕುಗಳು) ಎರಡು ಬೇರೆಬೇರೆ ಎಕ್ಸಾನ್‌ಗಳಲ್ಲಿ (ಜೀನಿನಲ್ಲಿ ಬಿಡಿಬಿಡಿಯಾಗಿದ್ದು ಆರ್‌ಎನ್‌ಎಯಲ್ಲಿ ಒಂದಾಗಿ ಜೋಡಣೆಯಾಗುವ ಭಾಗಗಳು) ಇಟ್ಟರೆ ಜೀನೋಮಿನ ಡಿಎನ್‌ಎ ಅಡ್ಡಬರುವುದಿಲ್ಲ ಎಂಬುದು ರೂಢಿಯ ಉಪಾಯ. ಈ ಜೀನಿನಲ್ಲಾದರೋ ಪ್ರೋಟೀನಿನ ಸಂಕೇತ ಬಹುತೇಕ ಒಂದೇ ಎಕ್ಸಾನ್‌ನಲ್ಲಿದೆ. ಹಾಗಾಗಿ ಡಿಎನ್‌ಎಯನ್ನು ಕತ್ತರಿಸಿಹಾಕುವ ಡಿಎನೇಸ್ ಕಿಣ್ವದ ಉಪಚಾರವನ್ನೂ, ಪ್ರತಿ ಮಾದರಿಗೆ ಆರ್‌ಎನ್‌ಎಯನ್ನು ಡಿಎನ್‌ಎಗೆ ನಕಲಿಸುವ ಕಿಣ್ವವಾದ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಹಾಕದ ಒಂದು ನಳಿಕೆಯನ್ನೂ ಕಡ್ಡಾಯ ಮಾಡಿಕೊಂಡೆ. ಪ್ರೈಮರ್‌ಗಳ ದಕ್ಷತೆಯನ್ನು ಹತ್ತು ಪಟ್ಟಿನ ಸರಣಿ ದುರ್ಬಲೀಕರಣದಲ್ಲಿ ನೋಡಿ, ರೇಖೆಯ ಇಳಿಜಾರು -3.32ರ (ಪ್ರತಿ ಸುತ್ತಿಗೂ ಪ್ರತಿಗಳು ಎರಡು ಪಟ್ಟಾಗುತ್ತವೆ ಎಂಬುದರ ಗುರುತು) ಹತ್ತಿರ ಬಾರದವನ್ನು ಕೈಬಿಟ್ಟೆ.

ನಿಜವಾಗಿ ದಾರಿ ತಪ್ಪಿದ್ದು ಬೇರೆ ಕಡೆ. ಕೆಲವು ಮಾದರಿಗಳಲ್ಲಿ ಸಿಎಕ್ಸ್‌ಸಿಎಲ್8 ಬಹಳ ಎತ್ತರದಲ್ಲಿತ್ತು, ಮತ್ತು ನಾನು ಅದನ್ನು ಮೂಗಿನ ಒಳಪದರದ ಕೋಶಗಳ ಉರಿಯೂತವೆಂದೇ ಬರೆದಿದ್ದೆ. ಸಂಶಯ ಬಂದು, ಬಿಳಿ ರಕ್ತಕಣಗಳ ಒಂದು ಬಗೆಯಾದ ನ್ಯೂಟ್ರೋಫಿಲ್‌ಗಳ ಗುರುತಾದ ಎಫ್‌ಸಿಜಿಆರ್3ಬಿ ಮತ್ತು ಒಳಪದರದ ರೋಮವುಳ್ಳ ಕೋಶಗಳ ಗುರುತಾದ ಫಾಕ್ಸ್‌ಜೆ1 ಎರಡನ್ನೂ ಅಳೆದಾಗ, ಸಿಎಕ್ಸ್‌ಸಿಎಲ್8 ಏರಿದ್ದಲ್ಲೆಲ್ಲ ಎಫ್‌ಸಿಜಿಆರ್3ಬಿಯೂ ಏರಿತ್ತು. ಒಳಪದರದ ಕೋಶಗಳು ಸಿಎಕ್ಸ್‌ಸಿಎಲ್8ರ ಆರ್‌ಎನ್‌ಎಯನ್ನು ಹೆಚ್ಚು ತಯಾರಿಸಿದ್ದವೆಂದು ಹೇಳುವಂತಿರಲಿಲ್ಲ, ಅದನ್ನು ತಾವೇ ಹೇರಳವಾಗಿ ತಯಾರಿಸುವ ನ್ಯೂಟ್ರೋಫಿಲ್‌ಗಳು ಸ್ವಾಬ್‌ಗೆ ಬಂದಿದ್ದವು. ಅದೂ ಉರಿಯೂತವೇ, ಆದರೆ ನಾನು ಬರೆದ ವಾಕ್ಯ ತಪ್ಪಾಗಿತ್ತು.

ಇದರ ಬೆನ್ನಿಗೇ, ಉಳಿದವನ್ನು ಅಳೆಯಲು ಸ್ಥಿರವೆಂದು ಹಿಡಿದಿದ್ದ ಹೋಲಿಕೆಯ ಜೀನ್ ಜಿಎಪಿಡಿಎಚ್ ಕೂಡ ಅನುಮಾನಕ್ಕೆ ಬಿತ್ತು. ಒಂದು ನ್ಯೂಟ್ರೋಫಿಲ್‌ನಲ್ಲಿರುವ ಒಟ್ಟು ಆರ್‌ಎನ್‌ಎ ಇತರ ಕೋಶಗಳಿಗಿಂತ ಕಡಿಮೆ. ಜಿಎಪಿಡಿಎಚ್ ಸಕ್ಕರೆಯ ಚಯಾಪಚಯದ ಜೀನ್ ಆದ್ದರಿಂದ ಉರಿಯೂತದಲ್ಲಿ ತಾನೇ ಅಲುಗಾಡಬಲ್ಲದು. ಸಾಪೇಕ್ಷ ಅಭಿವ್ಯಕ್ತಿಯೆಂಬುದು ಒಂದು ಅನುಪಾತ, ಛೇದ ಸರಿದರೆ ಅಂಶ ನಿಂತಲ್ಲೇ ನಿಂತಿದ್ದರೂ ಉತ್ತರ ಬದಲಾಗುತ್ತದೆ, ಮತ್ತು ಸಿಟಿಯಲ್ಲಿ (ಸಂಕೇತ ಗೋಚರಿಸಲು ಬೇಕಾದ ಸುತ್ತುಗಳ ಸಂಖ್ಯೆ; ಪ್ರತಿಗಳು ಕಡಿಮೆಯಿದ್ದಷ್ಟೂ ಅದು ಹೆಚ್ಚು) ಒಂದೇ ಒಂದು ವ್ಯತ್ಯಾಸವಾದರೂ ಫಲಿತಾಂಶ ಎರಡು ಪಟ್ಟು ತಪ್ಪುತ್ತದೆ. ಒಂದರ ಬದಲು ಮೂರು ಹೋಲಿಕೆ ಜೀನ್‌ಗಳ ಸಿಟಿ ಸರಾಸರಿ ಹಿಡಿದು ಹಳೆಯ ಮಾದರಿಗಳನ್ನೆಲ್ಲ ಮತ್ತೆ ಲೆಕ್ಕಹಾಕಿದೆ. ಬೇಸರದ ಕೆಲಸ, ಆದರೆ ಕೆಲವು ಮಾದರಿಗಳ ಸ್ಥಾನವೇ ಬದಲಾಯಿತು.

ಐಎಲ್-6 ಮಾತ್ರ ಕೊನೆಯವರೆಗೂ ಕಾಡಿತು. ಸ್ವಾಬ್‌ನಲ್ಲಿ ಅದರ ಪ್ರತಿಗಳು ಎಷ್ಟು ಕಡಿಮೆಯೆಂದರೆ ಸಿಟಿ 35ನ್ನು ದಾಟಿದ ಮೇಲೆ ಒಂದೇ ಮಾದರಿಯನ್ನು ಹಾಕಿದ ತಟ್ಟೆಯ ಮೂರು ಬಾವಿಗಳೂ (ಚಿಕ್ಕ ಕುಳಿಗಳು) ಮೂರು ಉತ್ತರ ಕೊಡುತ್ತಿದ್ದವು. ಅಂಥ ಕಡೆ ಸಂಖ್ಯೆ ಹಾಕದೆ ‘ಅಳತೆಗೆ ಸಿಗಲಿಲ್ಲ’ ಎಂದು ಬರೆಯುತ್ತೇನೆ.

ಈಗ ನನ್ನ ವರದಿಯಲ್ಲಿ ಎರಡು ಗುಂಪುಗಳ ಅಂಕಗಳು ಬೇರೆಬೇರೆಯಾಗಿರುತ್ತವೆ, ಪಕ್ಕದಲ್ಲಿ ನ್ಯೂಟ್ರೋಫಿಲ್ ಗುರುತು, ವೈರಸ್ಸಿನ ಸಿಟಿ ಮತ್ತು ರೋಗಲಕ್ಷಣದ ದಿನ ಇರುತ್ತವೆ. ಮೂಗಿನಲ್ಲಿ ಇಂಟರ್‌ಫೆರಾನ್ ಜೀನ್‌ಗಳು ವೈರಸ್ಸಿನ ಪ್ರಮಾಣದ ಜೊತೆಗೇ ಏರಿ ಇಳಿಯುವುದರಿಂದ, ಎರಡನೆಯ ದಿನದ ಸ್ವಾಬನ್ನೂ ಎಂಟನೆಯ ದಿನದ ಸ್ವಾಬನ್ನೂ ಪಕ್ಕಪಕ್ಕದಲ್ಲಿಟ್ಟು ಒಬ್ಬರ ಪ್ರತಿಕ್ರಿಯೆ ದುರ್ಬಲವೆನ್ನುವುದು ಸಲ್ಲದು. ಆದ್ದರಿಂದ ರೋಗಲಕ್ಷಣ ಶುರುವಾದ ದಿನವನ್ನು ಬರೆಯದೆ ಕಳುಹಿಸಿದ ಮಾದರಿಯನ್ನು, ಅದರ ಆರ್‌ಎನ್‌ಎ ಎಷ್ಟೇ ಚೆನ್ನಾಗಿದ್ದರೂ, ನಾನು ಈ ವಿಶ್ಲೇಷಣೆಗೆ ತೆಗೆದುಕೊಳ್ಳುವುದಿಲ್ಲ.